ಯಾರಿಗೂ ಗೊತ್ತಿರಲಿಲ್ಲವಾ? ಸುಗಾಮೊದ ಮಕ್ಕಳು ಮತ್ತು ಕೊರೆ-ಎಡಾ ಸಿನಿಮಾ: ಒಂದು ಪ್ರಕರಣ ಅಧ್ಯಯನ

ಟೋಕಿಯೋದ ಒಂದು ಸಣ್ಣ ಫ್ಲ್ಯಾಟಿಗೆ ತಾಯಿ ಮತ್ತು ಮಗ ಬಾಡಿಗೆಗೆ ಬರುತ್ತಾರೆ. ತಾಯಿ ಕೈಕೋ. ಮಗ ಅಕಿರಾ, 12 ವರ್ಷದವನು. ಮನೆ ಓನರ್ ದಂಪತಿಗೆ ಇಬ್ಬರೂ ತಲೆಬಾಗಿ ನಮಸ್ಕರಿಸುತ್ತಾರೆ. ಗಂಡ ವಿದೇಶದಲ್ಲಿ ಕೆಲಸದಲ್ಲಿದ್ದಾನೆ, ಇಲ್ಲಿ ಇರೋದು ನಾವಿಬ್ಬರೇ ಅನ್ನುತ್ತಾಳೆ ತಾಯಿ. ಸಾಮಾನು ಮೇಲಕ್ಕೆ ಬರುತ್ತದೆ, ಬಾಗಿಲು ಮುಚ್ಚುತ್ತದೆ. ಆಮೇಲೆ ಸೂಟ್‌ಕೇಸ್‌ಗಳ ಜಿಪ್ ತೆಗೆಯುತ್ತಾರೆ. ಒಂದರೊಳಗಿಂದ ಶಿಗೆರು ಅನ್ನೋ ತುಂಟ ಹುಡುಗ ಬೆವರುತ್ತಾ ಎದ್ದು ಬರುತ್ತಾನೆ. ಇನ್ನೊಂದರಲ್ಲಿ ಎಲ್ಲರಿಗಿಂತ ಚಿಕ್ಕವಳು, ಯುಕಿ. ಸೂಟ್‌ಕೇಸಿಗೆ ಹಿಡಿಸದಷ್ಟು ದೊಡ್ಡವಳಾದ ಕ್ಯೋಕೋ ಸ್ಟೇಷನ್ನಿನಲ್ಲಿ ಕಾಯುತ್ತಿರುತ್ತಾಳೆ. ಅವಳನ್ನು ಕತ್ತಲಾದ ಮೇಲೆ ಅಕಿರಾ ಕರೆದುಕೊಂಡು ಬರುತ್ತಾನೆ.

ಮೊದಲ ಊಟದಲ್ಲೇ ತಾಯಿ ಮನೆಯ ಕಾನೂನು ಹೇಳುತ್ತಾಳೆ. ಗಲಾಟೆ ಮಾಡಬಾರದು. ಹೊರಗೆ ಹೋಗಬಾರದು, ಬಾಲ್ಕನಿಗೂ ಕಾಲಿಡಬಾರದು. ಕ್ಯೋಕೋಗೆ ಮಾತ್ರ ವಿನಾಯಿತಿ, ಯಾಕೆಂದರೆ ವಾಶಿಂಗ್ ಮೆಷಿನ್ ಇರೋದು ಬಾಲ್ಕನಿಯಲ್ಲಿ. ಇದನ್ನೆಲ್ಲ ಅವಳು ಗದರಿಸಿ ಹೇಳುವುದಿಲ್ಲ. ಆಟದ ನಿಯಮ ಹೇಳಿಕೊಟ್ಟ ಹಾಗೆ ನಗುನಗುತ್ತಾ ಹೇಳುತ್ತಾಳೆ, ಮಕ್ಕಳೂ ನಗುತ್ತಾ ಒಪ್ಪುತ್ತವೆ.

ಇದು ಹಿರೊಕಾಜು ಕೊರೆ-ಎಡಾ 2004ರಲ್ಲಿ ಮಾಡಿದ ‘ದರೆ ಮೊ ಶಿರನೈ’ ಚಿತ್ರದ ಶುರು. ಇಂಗ್ಲಿಷ್ ಹೆಸರು ‘ನೋಬಡಿ ನೋಸ್’. ಯಾರಿಗೂ ಗೊತ್ತಿಲ್ಲ ಅಂತ ಅರ್ಥ. ಕತೆಗೆ ಒಂದು ನಿಜ ಘಟನೆ ಆಧಾರ. ಈ ಬರಹದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ: 1988ರಲ್ಲಿ ಏನಾಯಿತು, ಚಿತ್ರ ಅದರಲ್ಲಿ ಏನು ಉಳಿಸಿಕೊಂಡಿತು, ಏನು ಬಿಟ್ಟಿತು. ಸಿನಿಮಾ ನೋಡಬೇಕು ಅಂದುಕೊಂಡವರಿಗೆ ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕತೆ ಕೊನೆಯವರೆಗೂ ಬರುತ್ತದೆ.

1988, ಸುಗಾಮೊ

ಸುಗಾಮೊ ಇರೋದು ಟೋಕಿಯೋದ ತೊಶಿಮಾ ವಾರ್ಡಿನಲ್ಲಿ. ವಯಸ್ಸಾದವರು ಖರೀದಿಗೆ, ದೇವರ ದರ್ಶನಕ್ಕೆ ಬರುವ ಬೀದಿಯಿಂದ ಹೆಸರಾದ ಜಾಗ. ಹರಾಜುಕು ಅಂದರೆ ಟೋಕಿಯೋದಲ್ಲಿ ಯುವಜನರ ಫ್ಯಾಷನ್ನಿಗೆ ಹೆಸರಾದ ಜಾಗ; ಅದಕ್ಕೇ ಇದನ್ನು ಅಜ್ಜಿಯರ ಹರಾಜುಕು ಅಂತ ತಮಾಷೆಗೆ ಕರೆಯುತ್ತಾರೆ. ಅಂದರೆ ಬಿಕೋ ಅನ್ನುವ ಮೂಲೆಯೇನಲ್ಲ, ಸದಾ ಜನ ಓಡಾಡುವ ಪ್ರದೇಶ.

1987ರ ಶರತ್ಕಾಲದಲ್ಲಿ ಅಲ್ಲಿಯ ಒಂದು ಫ್ಲ್ಯಾಟಿನಲ್ಲಿದ್ದ ತಾಯಿ ಹೊಸ ಸಂಗಾತಿಯ ಜೊತೆ ಇರಲು ಹೊರಟುಹೋದಳು. ಸುಮಾರು 50,000 ಯೆನ್ ಬಿಟ್ಟು, ಮನೆ ನೋಡಿಕೋ ಅಂತ ದೊಡ್ಡ ಮಗನಿಗೆ ಹೇಳಿದಳು. ಜಪಾನಿನಲ್ಲಿ ಅದು ದುಡ್ಡು ಉಕ್ಕಿ ಹರಿಯುತ್ತಿದ್ದ ಕಾಲ. ಭೂಮಿಯ ಬೆಲೆ, ಷೇರಿನ ಬೆಲೆ ಎಲ್ಲ ಆಕಾಶಕ್ಕೇರಿತ್ತು. ಆ ಊರಲ್ಲಿ ನಾಲ್ಕು ಮಕ್ಕಳು ತಿಂಗಳುಗಟ್ಟಲೆ ತಾವೇ ಬದುಕಿದವು.

1988ರ ಜುಲೈನಲ್ಲಿ ಮನೆ ಓನರ್ ಕಡೆಯಿಂದ ಪೊಲೀಸರಿಗೆ ಸುದ್ದಿ ಹೋಯಿತು. ಪೊಲೀಸರು ಒಳಗೆ ಹೋದಾಗ 14 ವರ್ಷದ ಹುಡುಗ, ಅವನ ಇಬ್ಬರು ತಂಗಿಯರು ಇದ್ದರು. ಊಟವಿಲ್ಲದೆ ಸೊರಗಿದ್ದರು. ಹಿಂದೆ ಯಾವಾಗಲೋ ತೀರಿಕೊಂಡಿದ್ದ ಒಂದು ಹಸುಗೂಸಿನ ದೇಹವನ್ನು ಸುತ್ತಿಟ್ಟದ್ದೂ ಮನೆಯಲ್ಲೇ ಸಿಕ್ಕಿತು. ಎಲ್ಲರಿಗಿಂತ ಕಿರಿಯ ಹೆಣ್ಣು ಮಗು ಇರಲೇ ಇಲ್ಲ. ಅದು ಕೆಲವೇ ತಿಂಗಳ ಹಿಂದೆ, ಮನೆಗೆ ಬಂದು ಹೋಗುತ್ತಿದ್ದ ಹುಡುಗನ ಗೆಳೆಯರ ಹೊಡೆತಕ್ಕೆ ಸಿಕ್ಕಿ ಸತ್ತಿತ್ತು. ದೇಹವನ್ನು ಸೈತಾಮಾ ಪ್ರಾಂತ್ಯದ ಚಿಚಿಬುವಿನ ಕಾಡಿನಲ್ಲಿ ಹೂತಿದ್ದರು.

ಟಿವಿಯಲ್ಲಿ ಸುದ್ದಿ ನೋಡಿದ ತಾಯಿ ತಾನೇ ಪೊಲೀಸರ ಹತ್ತಿರ ಬಂದಳು. ಕೋರ್ಟು ಅವಳಿಗೆ ಮೂರು ವರ್ಷ ಜೈಲು ಅಂತ ತೀರ್ಪು ಕೊಟ್ಟು, ಅದನ್ನು ನಾಲ್ಕು ವರ್ಷ ಅಮಾನತಿನಲ್ಲಿಟ್ಟಿತು. ಹುಡುಗನನ್ನು ಅಪರಾಧಿ ಅಂತ ಶಿಕ್ಷಿಸುವ ಬದಲು ಮಕ್ಕಳ ಸಂಸ್ಥೆಗೆ ಕಳಿಸಿದರು. ಪತ್ರಿಕೆಗಳು ತಾಯಿಯನ್ನು ರಾಕ್ಷಸಿ ಅಂತ ಬರೆದು ಮುಂದಿನ ಸುದ್ದಿಗೆ ಹೋದವು.

ಈ ಮಕ್ಕಳು ಇಷ್ಟು ದಿನ ಲೆಕ್ಕಕ್ಕೇ ಸಿಗದೆ ಹೇಗೆ ಉಳಿದರು? ಇದಕ್ಕೆ ಉತ್ತರ ಒಂದು ಕಾಗದದಲ್ಲಿದೆ. ಜಪಾನಿನಲ್ಲಿ ಪ್ರತಿ ಕುಟುಂಬಕ್ಕೂ ಕೊಸೆಕಿ ಅನ್ನೋ ದಾಖಲೆ ಇರುತ್ತದೆ. ಹುಟ್ಟು, ಮದುವೆ, ಸಾವು ಎಲ್ಲ ಅದರಲ್ಲೇ ಬರೆದಿಡಬೇಕು. ಮಗು ಹುಟ್ಟಿದ 14 ದಿನದೊಳಗೆ ಮಾಹಿತಿ ಕೊಡಬೇಕು. ಹಾಗೆ ಕೊಟ್ಟರೆ ಮಗುವಿನ ಹೆಸರು ವಾಸದ ದಾಖಲೆಗೂ ಸೇರುತ್ತದೆ. ಆ ಪಟ್ಟಿ ನೋಡಿಯೇ ವಾರ್ಡ್ ಕಚೇರಿಯವರು ನಿಮ್ಮ ಮಗುವನ್ನು ಈ ವರ್ಷ ಶಾಲೆಗೆ ಸೇರಿಸಿ ಅಂತ ಮನೆಗೆ ಕಾಗದ ಕಳಿಸುತ್ತಾರೆ. ಲಸಿಕೆ, ಆರೋಗ್ಯ ತಪಾಸಣೆಗೂ ಅದೇ ಪಟ್ಟಿ. ಬಹಳ ಅಚ್ಚುಕಟ್ಟಾದ ವ್ಯವಸ್ಥೆ. ಆದರೆ ಮೊದಲ ಕಾಗದವನ್ನೇ ಕೊಡದಿದ್ದರೆ ಮುಂದಿನದು ಯಾವುದೂ ಬರುವುದಿಲ್ಲ. ಸುಗಾಮೊದ ಈ ಮಕ್ಕಳ ಹುಟ್ಟು ನೋಂದಣಿ ಆಗಿರಲೇ ಇಲ್ಲ. ಶಾಲೆಗೆ ಮಗು ಬಂದಿಲ್ಲ ಯಾಕೆ ಅಂತ ಕೇಳಬೇಕಾದರೆ, ಅಂಥದ್ದೊಂದು ಮಗು ಇದೆ ಅಂತ ಮೊದಲು ಶಾಲೆಗೆ ಗೊತ್ತಿರಬೇಕು ಅಲ್ವಾ?

ಹಣ ಕರಗುವ ಲೆಕ್ಕ

ಕೊರೆ-ಎಡಾ ಆಗ ಟಿವಿ ಸಾಕ್ಷ್ಯಚಿತ್ರಗಳ ಕೆಲಸದಲ್ಲಿದ್ದ ಇಪ್ಪತ್ತಾರರ ಯುವಕ. ಸುದ್ದಿಯಲ್ಲಿ ಅವರನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ವಿವರ: ಬದುಕುಳಿದ ತಂಗಿ ತನ್ನ ಅಣ್ಣ ಒಳ್ಳೆಯವನು ಅಂದಿದ್ದಳು. ಹೊರಗಿನವರಿಗೆ ನರಕದ ಹಾಗೆ ಕಂಡ ಆ ಮನೆಯಲ್ಲಿ ಬೇರೆ ಏನೋ ಕೂಡ ಇತ್ತು ಅಂತ ಅವರಿಗೆ ಅನ್ನಿಸಿತು. ಮೊದಲ ಚಿತ್ರಕತೆ ಬರೆದದ್ದು ಘಟನೆಯಾದ ಮರುವರ್ಷದ ಹೊತ್ತಿಗೆ. ಚಿತ್ರವಾಗಲು ಹದಿನೈದು ವರ್ಷ ಹಿಡಿಯಿತು.

ಚಿತ್ರದಲ್ಲಿ ತಾಯಿ ಎರಡು ಸಲ ಹೋಗುತ್ತಾಳೆ. ಮೊದಲ ಸಲ ಒಂದಿಷ್ಟು ನೋಟು, ಒಂದು ಚೀಟಿ ಇಟ್ಟು ಹೋಗಿ, ಸುಮಾರು ತಿಂಗಳಾದ ಮೇಲೆ ಉಡುಗೊರೆಗಳ ಜೊತೆ ಹಿಂದಿರುಗುತ್ತಾಳೆ. ಎರಡನೇ ಸಲ, ಕ್ರಿಸ್‌ಮಸ್‌ಗೆ ಬಂದುಬಿಡುತ್ತೇನೆ ಅಂತ ಹೇಳಿ ಹೋದವಳು ಬರುವುದೇ ಇಲ್ಲ.

ಇಲ್ಲಿಂದ ಚಿತ್ರ ಒಂದು ಮನೆಯ ಖರ್ಚಿನ ಪುಸ್ತಕದ ಹಾಗೆ ಸಾಗುತ್ತದೆ. ನನಗೆ ಚಿತ್ರದಲ್ಲಿ ತುಂಬ ಇಷ್ಟವಾದ ಭಾಗ ಇದು. ಅಕಿರಾ ಅಂಗಡಿಯ ರಸೀದಿಗಳನ್ನು ಇಟ್ಟುಕೊಂಡು ಲೆಕ್ಕ ಬರೆಯುತ್ತಾನೆ. ಮೊದಲು ತರಕಾರಿ ತಂದು ಅಡುಗೆ ಮಾಡುತ್ತಾನೆ. ಆಮೇಲೆ ತರಕಾರಿ ನಿಂತು ಬಿಸಿನೀರು ಹಾಕಿ ತಿನ್ನುವ ಕಪ್ ನೂಡಲ್ಸ್ ಬರುತ್ತದೆ. ಬಿಲ್ಲುಗಳು ಬಂದು ಬೀಳುತ್ತವೆ. ಕರೆಂಟ್ ಹೋಗುತ್ತದೆ. ನಲ್ಲಿಯಲ್ಲಿ ನೀರು ನಿಲ್ಲುತ್ತದೆ. ಮಕ್ಕಳು ಪಾರ್ಕಿನ ನಲ್ಲಿಗೆ ಹೋಗಿ ನೀರು ಹಿಡಿಯುತ್ತಾರೆ, ಬಟ್ಟೆ ಒಗೆಯುತ್ತಾರೆ, ತಲೆ ತೊಳೆಯುತ್ತಾರೆ. ಹೊರಗೆ ಹೋಗಬಾರದು ಅನ್ನೋ ಕಾನೂನು ಅಲ್ಲಿಗೆ ಮುಗಿಯಿತು. ತಿಂದು ಬಿಸಾಡಿದ ಅದೇ ನೂಡಲ್ಸ್ ಕಪ್ಪುಗಳಿಗೆ ಮಣ್ಣು ತುಂಬಿ, ದಾರಿಬದಿ ಆರಿಸಿದ ಬೀಜ ಹಾಕಿ, ಬಾಲ್ಕನಿಯಲ್ಲಿ ಸಾಲಾಗಿ ಇಡುತ್ತಾರೆ. ಯಾರೂ ಅಳುವುದಿಲ್ಲ, ಅಯ್ಯೋ ಅನ್ನಿಸುವ ಸಂಗೀತವೂ ಇಲ್ಲ.

ಹೊಸ ವರ್ಷಕ್ಕೆ ಜಪಾನಿನಲ್ಲಿ ದೊಡ್ಡವರು ಮಕ್ಕಳಿಗೆ ಪುಟ್ಟ ಲಕೋಟೆಯಲ್ಲಿ ಹಣ ಕೊಡುವ ಪದ್ಧತಿ ಇದೆ. ಅಮ್ಮ ಬಂದಿಲ್ಲ. ಅಕಿರಾ ಅಂಗಡಿಯ ಹುಡುಗಿಯ ಕೈಯಲ್ಲಿ ಲಕೋಟೆಗಳ ಮೇಲೆ ತಮ್ಮ ತಂಗಿಯರ ಹೆಸರು ಬರೆಸಿ, ಅಮ್ಮ ಕಳಿಸಿದ್ದು ಅಂತ ಕೊಡುತ್ತಾನೆ. ಕ್ಯೋಕೋ ಹಳೆಯ ಲಕೋಟೆಯೊಂದನ್ನು ತೆಗೆದು ಪಕ್ಕದಲ್ಲಿಟ್ಟು ನೋಡುತ್ತಾಳೆ. ಅಕ್ಷರ ಬೇರೆ. ಅವಳು ಯಾರಿಗೂ ಏನೂ ಹೇಳುವುದಿಲ್ಲ.

ಅಕಿರಾಗೆ ತಿಳಿದದ್ದೂ ಹೀಗೇ ಸದ್ದಿಲ್ಲದೆ. ಅಮ್ಮನ ನಂಬರು ಹುಡುಕಿ ಫೋನ್ ಮಾಡುತ್ತಾನೆ. ಆ ಕಡೆ ಅವಳದೇ ದನಿ. ಆದರೆ ಹೇಳುವ ಮನೆತನದ ಹೆಸರು ಬೇರೆ, ಯಮಾಮೊಟೊ. ಇವರದು ಫುಕುಶಿಮಾ. ಹುಡುಗ ಮಾತಾಡದೆ ಫೋನ್ ಇಟ್ಟುಬಿಡುತ್ತಾನೆ.

ತಾಯಿಯನ್ನು ಚಿತ್ರ ಬೈಯುವುದಿಲ್ಲ, ಬಿಡುವುದೂ ಇಲ್ಲ. ಡೋನಟ್ ಅಂಗಡಿಯಲ್ಲಿ ಕೂತು ಅಕಿರಾ, ನಮ್ಮನ್ನು ಶಾಲೆಗೆ ಯಾವಾಗ ಕಳಿಸ್ತೀಯ, ನಿನಗೆ ನಿನ್ನದೇ ಆಯ್ತು ಅಂತ ದೂರುತ್ತಾನೆ. ನಮ್ಮನ್ನು ಬಿಟ್ಟು ಹೋದ ನಿನ್ನ ಅಪ್ಪ ಸ್ವಾರ್ಥಿ ಅಲ್ವಾ, ನಾನು ಸುಖವಾಗಿರಬಾರದಾ ಅಂತ ಅವಳು ತಿರುಗಿ ಕೇಳುತ್ತಾಳೆ. ಈ ಪಾತ್ರ ಮಾಡಿದ ಯೂ ಅನ್ನೋ ನಟಿಯ ದನಿಯಲ್ಲೇ ಒಂದು ಹುಡುಗಾಟಿಕೆ ಇದೆ. ಮಕ್ಕಳಿಗೆ ಅವಳೆಂದರೆ ಯಾಕೆ ಪ್ರಾಣ ಅನ್ನೋದು ಆ ದನಿ ಕೇಳಿದರೆ ಗೊತ್ತಾಗುತ್ತದೆ. ಅವಳ ಮೇಲೆ ಸಿಟ್ಟು ಬರುವುದೂ ಅದಕ್ಕೇ.

ಯಾರ್ಯಾರಿಗೆ ಎಷ್ಟೆಷ್ಟು ಗೊತ್ತಿತ್ತು

ಪ್ರಕರಣದ ತಿರುಳು ನನ್ನ ಪ್ರಕಾರ ಇಲ್ಲಿದೆ. ಚಿತ್ರದ ಹೆಸರು ಏನೇ ಹೇಳಲಿ, ಒಳಗೆ ನೋಡಿದರೆ ಗೊತ್ತಿದ್ದವರೇ ಜಾಸ್ತಿ. ಒಬ್ಬೊಬ್ಬರಿಗೂ ಒಂದೊಂದು ಚೂರು ಗೊತ್ತು.

ತಮ್ಮ ಅಪ್ಪಂದಿರು ಆಗಿರಬಹುದಾದ ಇಬ್ಬರನ್ನು ಅಕಿರಾ ಹುಡುಕಿಕೊಂಡು ಹೋಗುತ್ತಾನೆ. ಒಬ್ಬ ಟ್ಯಾಕ್ಸಿ ಓಡಿಸುತ್ತಾನೆ, ಇನ್ನೊಬ್ಬ ಪಚಿಂಕೋ ಜೂಜಿನ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ತಾಯಿ ಮನೆಯಲ್ಲಿಲ್ಲ ಅನ್ನೋದು ಅವರಿಗೆ ತಿಳಿಯುತ್ತದೆ. ಅವರೇನೂ ಕಟುಕರಲ್ಲ, ಹುಡುಗನ ಜೊತೆ ನಗುತ್ತಾ ಮಾತಾಡುತ್ತಾರೆ, ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಅಷ್ಟಕ್ಕೇ ಮುಗಿಯಿತು.

ಮನೆ ಓನರ್ ಹೆಂಗಸು ಬಾಡಿಗೆ ಕೇಳಲು ಬರುತ್ತಾಳೆ. ಇಬ್ಬರಿರಬೇಕಾದ ಮನೆಯಲ್ಲಿ ಅಷ್ಟೊಂದು ಮಕ್ಕಳು, ಒಳಗೆಲ್ಲ ಕಸ. ನೆಂಟರ ಮಕ್ಕಳು ಅನ್ನೋ ಅರ್ಥದ ಉತ್ತರ ಸಿಗುತ್ತದೆ. ಅವಳು ಹೊರಟು ಹೋಗುತ್ತಾಳೆ. ಕರೆಂಟ್ ಕತ್ತರಿಸಿದ ಕಂಪನಿಗೆ ಆ ಮನೆಯಿಂದ ದುಡ್ಡು ಬಂದಿಲ್ಲ ಅಂತ ಗೊತ್ತು. ನೀರಿನವರಿಗೂ ಗೊತ್ತು. ವೀಡಿಯೊ ಗೇಮ್ ಆಡಲು ಬಂದು ಬೀಡುಬಿಟ್ಟಿದ್ದ ಹುಡುಗರಿಗೆ ಮನೆಯಲ್ಲಿ ದೊಡ್ಡವರಿಲ್ಲ ಅಂತ ಚೆನ್ನಾಗೇ ಗೊತ್ತು, ಅವರು ಬಂದದ್ದೇ ಅದಕ್ಕೆ. ಮುಂದಿನ ಶಾಲೆಗೆ ಸೇರಿ ಹೊಸ ಗೆಳೆಯರು ಸಿಕ್ಕ ಮೇಲೆ, ಆ ಮನೆ ವಾಸನೆ ಹೊಡೆಯುತ್ತೆ ಅಂತ ಬರುವುದನ್ನು ನಿಲ್ಲಿಸುತ್ತಾರೆ. ಬೇಸ್‌ಬಾಲ್ ಕೋಚ್ ಒಬ್ಬ, ಬೇಲಿಯಾಚೆ ನಿಂತು ನೋಡುತ್ತಿದ್ದ ಅಕಿರಾನನ್ನು ಆಟಕ್ಕೆ ಕರೆದು ಒಂದು ಮಧ್ಯಾಹ್ನ ಖುಷಿ ಕೊಡುತ್ತಾನೆ. ಹುಡುಗ ಯಾವ ಶಾಲೆಯ ಸಮವಸ್ತ್ರದಲ್ಲೂ ಇರುವುದಿಲ್ಲ.

ಸಾಕಿ ಅನ್ನೋ ಶಾಲಾ ಹುಡುಗಿಗೆ ಎಲ್ಲಾ ಗೊತ್ತು. ಆದರೆ ಅವಳೇ ಸಹಪಾಠಿಗಳ ಕಾಟಕ್ಕೆ ಶಾಲೆ ತಪ್ಪಿಸಿಕೊಂಡು ತಿರುಗುತ್ತಿರುವವಳು. ಒಬ್ಬ ದೊಡ್ಡ ವಯಸ್ಸಿನ ಗಂಡಸಿನ ಜೊತೆ ಕರಾವೋಕೆಗೆ ಹೋಗಿ ಹಣ ತಂದು ಅಕಿರಾಗೆ ಕೊಡಲು ನೋಡುತ್ತಾಳೆ. ಅಕಿರಾ ಅದನ್ನು ತೆಗೆದುಕೊಳ್ಳದೆ ಓಡಿಹೋಗುತ್ತಾನೆ.

ಇವರಲ್ಲೆಲ್ಲ ಮುಖ್ಯ, ದಿನಸಿ ಕೊಳ್ಳುವ ಕನ್ವೀನಿಯನ್ಸ್ ಸ್ಟೋರಿನವರು. ಅಕಿರಾ ಕಳ್ಳತನ ಮಾಡಿದ ಅಂತ ಮ್ಯಾನೇಜರ್ ಒಮ್ಮೆ ಹಿಡಿದು ಕೂರಿಸಿ ಪ್ರಶ್ನೆ ಕೇಳುತ್ತಾನೆ. ಅಲ್ಲಿಯ ಹುಡುಗಿ, ಇವನು ಕದ್ದಿಲ್ಲ ಅಂತ ಬಿಡಿಸುತ್ತಾಳೆ. ಪ್ರಶ್ನೆ ಕಳ್ಳತನದ ಕಡೆಗಷ್ಟೇ ಇತ್ತು. ಅದು ಸುಳ್ಳು ಅಂತಾದ ಕೂಡಲೇ ಹುಡುಗನ ಬಗ್ಗೆ ವಿಚಾರಣೆಯೂ ಮುಗಿಯಿತು. ಮುಂದೆ ಅದೇ ಅಂಗಡಿಯ ಹಿಂಬಾಗಿಲಲ್ಲಿ, ಮಾರುವ ಅವಧಿ ಮುಗಿದ ಅನ್ನದ ಉಂಡೆಗಳು ಮಕ್ಕಳಿಗೆ ಸಿಗುತ್ತವೆ. ಕೊಡುವವರು ಒಳ್ಳೆಯವರು. ಆ ಉಂಡೆಗಳಿಲ್ಲದಿದ್ದರೆ ಮಕ್ಕಳು ಬದುಕುತ್ತಿದ್ದವೋ ಇಲ್ಲವೋ. ಆದರೆ ಅವು ಸಿಕ್ಕಿದ್ದರಿಂದಲೇ ಆ ಸ್ಥಿತಿ ಇನ್ನಷ್ಟು ತಿಂಗಳು ಎಳೆಯಿತು ಅನ್ನೋದೂ ಸುಳ್ಳಲ್ಲ. ಇದನ್ನು ಬರೆಯಲು ನನಗೇ ಕಷ್ಟವಾಗುತ್ತದೆ.

ಅಂಗಡಿಯ ಹುಡುಗಿ ಒಂದು ಸಲ ನೇರವಾಗಿ ಹೇಳುತ್ತಾಳೆ: ಪೊಲೀಸರಿಗೋ ಮಕ್ಕಳ ಕಲ್ಯಾಣದವರಿಗೋ ತಿಳಿಸಿದರೆ ಒಳ್ಳೆಯದಲ್ವಾ? ಇಡೀ ಚಿತ್ರದಲ್ಲಿ ಇದೊಂದು ಬಾಗಿಲು ತೆರೆಯುತ್ತದೆ. ಅದನ್ನು ಮುಚ್ಚುವವನು ಅಕಿರಾನೇ. ಹಾಗೆ ಮಾಡಿದರೆ ನಾಲ್ಕೂ ಜನ ಒಟ್ಟಿಗೆ ಇರೋಕಾಗಲ್ಲ, ಹಿಂದೆ ಒಂದು ಸಲ ಹೀಗಾಗಿ ತುಂಬ ತೊಂದರೆಯಾಗಿತ್ತು ಅನ್ನುತ್ತಾನೆ. ಹುಡುಗಿ ಸುಮ್ಮನಾಗುತ್ತಾಳೆ.

ಗಮನಿಸಿ, ಇವರಲ್ಲಿ ಯಾರೂ ಕೆಟ್ಟವರಲ್ಲ. ಪರರ ಮನೆಯ ವಿಷಯಕ್ಕೆ ತಲೆಹಾಕಬಾರದು ಅನ್ನೋ ಸಭ್ಯತೆ ಇದೆ. ಕೈಲಾದಷ್ಟು ಸಹಾಯ ಮಾಡುವ ಮನಸ್ಸೂ ಇದೆ. ಎಲ್ಲರ ಚೂರುಗಳನ್ನು ಒಟ್ಟು ಸೇರಿಸಿ ನೋಡುವ ಒಬ್ಬ ಮನುಷ್ಯ ಇರಲಿಲ್ಲ. ಆ ಕೆಲಸ ಮಾಡಬೇಕಾದ ಕಚೇರಿಯ ಪಟ್ಟಿಯಲ್ಲಿ ಮಕ್ಕಳ ಹೆಸರೇ ಇರಲಿಲ್ಲ.

ನಿರ್ದೇಶಕ ಬದಲಿಸಿದ್ದು

ಚಿತ್ರೀಕರಣದ ಬಗ್ಗೆ ಒಂದೆರಡು ಮಾತು. 2002ರ ಶರತ್ಕಾಲದಿಂದ 2003ರ ಬೇಸಿಗೆಯವರೆಗೆ, ಕತೆಯ ಕ್ರಮದಲ್ಲೇ ಶೂಟಿಂಗ್ ನಡೆಯಿತು. ಮಕ್ಕಳ ಕೈಗೆ ಸ್ಕ್ರಿಪ್ಟ್ ಕೊಡಲಿಲ್ಲ. ಏನು ಹೇಳಬೇಕು ಅನ್ನೋದನ್ನು ಕೊರೆ-ಎಡಾ ಆಯಾ ಹೊತ್ತಿಗೆ ಬಾಯಲ್ಲಿ ಹೇಳಿಕೊಡುತ್ತಿದ್ದರು. ಹಾಗಾಗಿ ಮಕ್ಕಳು ಬೆಳೆಯುವುದು ಚಿತ್ರದೊಳಗೇ ಆಗುತ್ತದೆ. ಅಕಿರಾ ಆಗಿದ್ದ ಯುಯಾ ಯಾಗಿರಾ ಎತ್ತರವಾದ, ದನಿ ಒಡೆಯಿತು. 2004ರ ಕಾನ್ ಚಿತ್ರೋತ್ಸವದಲ್ಲಿ, 14ನೇ ವಯಸ್ಸಿನಲ್ಲಿ, ಅವನಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಅಲ್ಲಿ ಅಷ್ಟು ಚಿಕ್ಕ ವಯಸ್ಸಿಗೆ ಆ ಪ್ರಶಸ್ತಿ ಪಡೆದವರು ಇನ್ನೊಬ್ಬರಿಲ್ಲ. ಘೋಷಣೆ ಆದಾಗ ಅವನು ಪರೀಕ್ಷೆ ಅಂತ ಜಪಾನಿಗೆ ಮರಳಿದ್ದ. ಶಾಲೆಯ ಮುಖ ನೋಡದ ಹುಡುಗನ ಪಾತ್ರ ಮಾಡಿ, ಶಾಲೆಯ ಪರೀಕ್ಷೆಗೆ ಹೋಗಿ ಪ್ರಶಸ್ತಿಯ ವೇದಿಕೆ ತಪ್ಪಿಸಿಕೊಂಡ!

ನಿಜ ಘಟನೆಗೂ ಚಿತ್ರಕ್ಕೂ ಇರುವ ದೊಡ್ಡ ವ್ಯತ್ಯಾಸ ಚಿಕ್ಕ ಮಗುವಿನ ಸಾವು. ಚಿತ್ರದಲ್ಲಿ ಅಕಿರಾ ಬೇಸ್‌ಬಾಲ್ ಆಡಿ ಮನೆಗೆ ಬಂದಾಗ ಯುಕಿ ಕುರ್ಚಿಯಿಂದ ಬಿದ್ದು ಎಚ್ಚರ ತಪ್ಪಿರುತ್ತಾಳೆ. ಔಷಧಿಗೆ ಹಣವಿಲ್ಲ, ಅವನು ಕದ್ದು ತರುತ್ತಾನೆ. ಮಗು ಉಳಿಯುವುದಿಲ್ಲ. ವಿಮಾನ ತೋರಿಸುತ್ತೇನೆ ಅಂತ ಅವಳಿಗೆ ಮಾತು ಕೊಟ್ಟಿದ್ದಕ್ಕೆ, ಅಕಿರಾ ಮತ್ತು ಸಾಕಿ ಅವಳನ್ನು ಇನ್ನೊಂದು ಸೂಟ್‌ಕೇಸಿನಲ್ಲಿಟ್ಟು ಮೊನೊರೈಲಿನಲ್ಲಿ ಹನೇದಾ ವಿಮಾನ ನಿಲ್ದಾಣದ ಹತ್ತಿರ ಒಯ್ದು ಹೂಳುತ್ತಾರೆ. ಬಂದಾಗ ಹಿಡಿಸಿದ್ದ ಸೂಟ್‌ಕೇಸ್ ಈಗ ಸಾಲುವುದಿಲ್ಲ, ಮಗು ಬೆಳೆದಿದೆ.

ಹೊಡೆತದ ಜಾಗಕ್ಕೆ ಆಕಸ್ಮಿಕ ಬಂತು. ಗೋಡೆಯ ಬೀರುವಿನಲ್ಲಿದ್ದ ಹಸುಗೂಸಿನ ದೇಹ ಚಿತ್ರದಲ್ಲಿ ಇಲ್ಲವೇ ಇಲ್ಲ. ಇದರ ಲಾಭ ಏನು ಅಂತ ಅರ್ಥವಾಗುತ್ತದೆ: ಅಪರಾಧದ ಕತೆಯಾಗಿ ನೋಡುವವರ ಕುತೂಹಲ ಅಲ್ಲಿಗೆ ಸತ್ತು, ಕಣ್ಣು ಮಕ್ಕಳ ದಿನಗಳ ಮೇಲೆ ನಿಲ್ಲುತ್ತದೆ. ಆದರೂ ನನಗೆ ಇಲ್ಲೊಂದು ತಕರಾರಿದೆ. ಸುಗಾಮೊ ಪ್ರಕರಣದ ಅತಿ ಕಠಿಣ ಪ್ರಶ್ನೆ, ಹದಿನಾಲ್ಕರ ಹುಡುಗನನ್ನು ಅಪ್ಪ ಅಮ್ಮ ಎರಡೂ ಮಾಡಿ ಕೂರಿಸಿದರೆ ಅವನು ಏನಾಗುತ್ತಾನೆ ಅನ್ನೋದು. ನಿಜದ ಆ ಹುಡುಗ ತಂಗಿಯರಿಗೆ ಒಳ್ಳೆಯ ಅಣ್ಣನೂ ಆಗಿದ್ದ, ಅವನ ಮನೆಯಲ್ಲೇ, ಅವನ ಗೆಳೆಯರಿಂದಲೇ ಒಂದು ಮಗು ಸತ್ತಿತು ಕೂಡ. ಎರಡೂ ಒಬ್ಬನೇ ಹುಡುಗ. ಅಕಿರಾ ಬೇಸರದಿಂದ ಸಿಡುಕುವುದನ್ನು, ಆಟದ ಹುಡುಗರ ಹಿಂದೆ ಬಿದ್ದು ತಂಗಿಯರನ್ನು ಮರೆಯುವುದನ್ನು ಚಿತ್ರ ತೋರಿಸುತ್ತದೆ. ಆದರೆ ಕೊನೆಯ ಹೆಜ್ಜೆಯಲ್ಲಿ ಅವನನ್ನು ಉಳಿಸಿಕೊಳ್ಳುತ್ತದೆ. ಅಷ್ಟರ ಮಟ್ಟಿಗೆ ಚಿತ್ರ ಮೆತ್ತಗಾಯಿತು ಅನ್ನಿಸುತ್ತದೆ.

ಇನ್ನೊಂದು ಬದಲಾವಣೆಯಲ್ಲಿ ಮಾತ್ರ ಅದು ನಿಜಕ್ಕಿಂತ ನಿಷ್ಠುರ. ಸುಗಾಮೊದಲ್ಲಿ ಕೊನೆಗೆ ಪೊಲೀಸರು ಬಂದರು. ಚಿತ್ರದಲ್ಲಿ ಯಾರೂ ಬರುವುದಿಲ್ಲ. ಉಳಿದ ಮೂವರು ಮತ್ತು ಸಾಕಿ ಅನ್ನದ ಉಂಡೆಗಳ ಚೀಲ ಹಿಡಿದು ಬೀದಿಯಲ್ಲಿ ನಡೆದು ಹೋಗುತ್ತಿರುವಾಗಲೇ ಚಿತ್ರ ಮುಗಿಯುತ್ತದೆ. ಆ ಮಕ್ಕಳು ಈಗಲೂ ಆ ಮನೆಯಲ್ಲೇ ಇದ್ದಾರೆ ಅನ್ನೋ ಲೆಕ್ಕ.

ಆಮೇಲಿನ ಕಾನೂನು

ಜಪಾನ್ 2000ದಲ್ಲಿ ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ಕಾನೂನು ತಂದಿತು. ಮಗುವನ್ನು ನೋಡಿಕೊಳ್ಳದೆ ಬಿಡುವುದೂ ದೌರ್ಜನ್ಯವೇ ಅಂತ ಅದರಲ್ಲಿ ಬರೆದಿದೆ. ಈ ಚಿತ್ರ ಬಂದ 2004ರಲ್ಲೇ ಅದಕ್ಕೆ ತಿದ್ದುಪಡಿಯಾಯಿತು: ದೌರ್ಜನ್ಯ ಆಗಿದೆ ಅಂತ ಖಚಿತವಾಗಬೇಕಿಲ್ಲ, ಹಾಗನ್ನಿಸಿದರೆ ಸಾಕು, ತಿಳಿಸಬೇಕು. ಈ ಅಳತೆಯಲ್ಲಿ ನೋಡಿದರೆ ಓನರ್ ಹೆಂಗಸು, ಅಂಗಡಿಯ ಮ್ಯಾನೇಜರ್, ಅಂಗಡಿಯ ಹುಡುಗಿ ಎಲ್ಲರೂ ಫೋನ್ ಮಾಡಬೇಕಿತ್ತು. 2015ರಿಂದ ಅದಕ್ಕೆ ದೇಶಕ್ಕೆಲ್ಲ ಒಂದೇ ನಂಬರು ಇದೆ, 189.

ಫೋನ್ ಮಾಡಿದರೆ ಎಲ್ಲಾ ಸರಿಹೋಗುತ್ತದೆ ಅಂತಲೂ ಅಲ್ಲ. 2010ರ ಬೇಸಿಗೆಯಲ್ಲಿ ಒಸಾಕಾದ ಒಂದು ಫ್ಲ್ಯಾಟಿನಲ್ಲಿ ಮೂರು ವರ್ಷದ ಹುಡುಗಿ, ಒಂದು ವರ್ಷದ ಹುಡುಗ ಹಸಿವಿನಿಂದ ಸತ್ತರು. ತಾಯಿ ಬಿಟ್ಟು ಹೋಗಿದ್ದಳು. ಮಗು ಅಳುತ್ತಿದೆ ಅಂತ ನೆರೆಯವರು ಫೋನ್ ಮಾಡಿದ್ದರು. ಮಕ್ಕಳ ಕಲ್ಯಾಣ ಕೇಂದ್ರದವರು ಹಲವು ಸಲ ಬಂದು ಬಾಗಿಲು ಬಡಿದು, ಉತ್ತರ ಬಾರದೆ ವಾಪಸ್ ಹೋಗಿದ್ದರು. ಆ ತಾಯಿಗೆ 30 ವರ್ಷ ಜೈಲು ಶಿಕ್ಷೆ ಆಯಿತು. ಸುಗಾಮೊದ ತಾಯಿಗೆ ಆದದ್ದರ ಪಕ್ಕ ಇಟ್ಟರೆ ಕಾಲ ಎಷ್ಟು ಬದಲಾಗಿದೆ ಅಂತ ಗೊತ್ತಾಗುತ್ತದೆ. ಶಿಕ್ಷೆ ಹತ್ತು ಪಟ್ಟಾಯಿತು, ಬಾಗಿಲು ಮಾತ್ರ ತೆರೆಯಲಿಲ್ಲ.

ನಾಲ್ಕೂ ಜನ ಒಟ್ಟಿಗೆ ಇರೋಕಾಗಲ್ಲ ಅಂತ ಅಕಿರಾ ಹೇಳಿದ ಮಾತಿಗೆ ಈ ಯಾವ ಕಾನೂನಿನಲ್ಲೂ ಉತ್ತರ ಸಿಗುವುದಿಲ್ಲ. ಜಪಾನಿನಲ್ಲಿ ಹೆತ್ತವರಿಂದ ಬೇರೆಯಾದ ಮಕ್ಕಳಲ್ಲಿ ಹೆಚ್ಚಿನವರು ಬೆಳೆಯುವುದು ಸಂಸ್ಥೆಗಳಲ್ಲಿ. ಸಾಕು ಮನೆಗಳು ಕಡಿಮೆ. ಆದಷ್ಟು ಮನೆಯಂಥ ವಾತಾವರಣದಲ್ಲೇ ಬೆಳೆಸಬೇಕು ಅಂತ ಕಾನೂನಿಗೆ ಸೇರಿದ್ದು 2016ರಲ್ಲಿ. ಹಸುಗೂಸುಗಳಿಗೆ ಬೇರೆ ಸಂಸ್ಥೆ, ದೊಡ್ಡ ಮಕ್ಕಳಿಗೆ ಬೇರೆ. ನಾಲ್ಕು ವಯಸ್ಸಿನ ನಾಲ್ಕು ಮಕ್ಕಳನ್ನು ಒಂದೇ ಸೂರಿನಡಿ ಇಡುತ್ತೇವೆ ಅಂತ ಯಾವ ಅಧಿಕಾರಿಯೂ ಆ ಹುಡುಗನಿಗೆ ಮಾತು ಕೊಡುವ ಸ್ಥಿತಿ ಇರಲಿಲ್ಲ. ಅವನ ಹೆದರಿಕೆ ಮಕ್ಕಳಾಟಿಕೆಯದ್ದಲ್ಲ. ಲೆಕ್ಕ ಹಾಕಿ ನೋಡಿದರೆ ಅವನ ಅಂದಾಜು ಸರಿಯೇ ಇತ್ತು. ಅಂಗಡಿಯ ಹುಡುಗಿಯ ಜಾಗದಲ್ಲಿ ನಾನಿದ್ದಿದ್ದರೆ ಫೋನ್ ಮಾಡುತ್ತಿದ್ದೆ, ಮಾಡಲೇಬೇಕಿತ್ತು. ಆದರೆ ನಾಲ್ಕು ಜನ ಒಟ್ಟಿಗೆ ಇರ್ತೀವಾ ಅಂತ ಅವನು ಕೇಳಿದ್ದರೆ, ಹೌದು ಅನ್ನೋಕೆ ನನ್ನ ಹತ್ತಿರವೂ ಏನೂ ಇರುತ್ತಿರಲಿಲ್ಲ.